ಮಾರ್ಚಿನ ತನಕ ಇಳಿಯದ ನಕ್ಷತ್ರ

ನೆಲ್ಯಾಡಿಯಲ್ಲಿ ಬಸ್ಸಿಳಿದು ಏಲಿಯಮ್ಮನ ಮನೆಯ ಕಡೆಗೆ ತಿರುಗುವ ಮಣ್ಣಿನ ರಸ್ತೆಗೆ ಕಾಲಿಟ್ಟದ್ದೇ ಆ ವಾಸನೆ ಬಂತು. ರಬ್ಬರ್ ಶೀಟನ್ನು ಹೊಗೆಗೆ ತೂಗುಹಾಕುವ ಗೂಡಿನ ವಾಸನೆ. ಅರ್ಧ ಹುಳಿ, ಅರ್ಧ ಸುಟ್ಟ ತೆಂಗಿನ ಸಿಪ್ಪೆಯದ್ದು. ಹೊಸಬರು ಮೂಗು ಮುಚ್ಚುತ್ತಾರೆ. ಇಲ್ಲಿಗೆ ಮೊದಲ ಸಲ ಬಂದ ದಿನ ನಾನೂ ಸೆರಗನ್ನು ಮೂಗಿಗೆ ಹಿಡಿದಿದ್ದೆ. ಈ ಸಲ ಬ್ಯಾಗನ್ನು ಕೆಳಗಿಟ್ಟು, ಒಮ್ಮೆ ಚೆನ್ನಾಗಿ ಉಸಿರೆಳೆದುಕೊಂಡೆ.

ಡಿಸೆಂಬರಿನ ಸಂಜೆ. ಏಲಿಯಮ್ಮನ ಗಂಡ ತಂಗಚ್ಚನ್ ತೀರಿಕೊಂಡು ಕೆಲವು ತಿಂಗಳಾಗಿತ್ತು. "ಕೊಚ್ಚಮ್ಮ, ಕ್ರಿಸ್ಮಸ್‌ಗೆ ಮೊದಲು ಒಮ್ಮೆ ಬಂದು ನನ್ನ ಹತ್ರ ಕೂತು ಹೋಗಿ" ಎಂದು ಆಕೆ ಫೋನಿನಲ್ಲಿ ಹೇಳಿದ್ದರು. ಕೇರಳದ ಮೂಲದವರು ಪಾದ್ರಿಯ ಹೆಂಡತಿಯನ್ನು ಹಾಗೆ ಕರೆಯುತ್ತಾರೆ, ಕೊಚ್ಚಮ್ಮ ಎಂದು. ತುಳು ಮನೆಗಳವರಿಗೆ ನಾನು ಬರೀ ಅಮ್ಮ. ನನ್ನ ಯಜಮಾನರು ಈಗ ಬೆಳ್ಳಾರೆಯ ಕಡೆಯ ಒಂದು ಚರ್ಚಿನ ಸಭೆಗೆ ಪಾದ್ರಿ. ಡಿಸೆಂಬರಿನಲ್ಲಿ ಪಾದ್ರಿಗೆ ಊರು ಬಿಡಲು ಆಗುವುದಿಲ್ಲ, ಪಾದ್ರಿಯ ಹೆಂಡತಿಗೆ ಆಗುತ್ತದೆ. ರಾತ್ರಿ ಮಲಗುವ ಮೊದಲು ಆ ದಿನದ ಸಣ್ಣ ಸಣ್ಣ ಕೃಪೆಗಳನ್ನು ಹೆಸರು ಹಿಡಿದು ದೇವರಿಗೆ ಒಪ್ಪಿಸುವುದು ನನ್ನ ಅಭ್ಯಾಸ. ಇದನ್ನೂ ಅದರಲ್ಲಿ ಸೇರಿಸಬೇಕು ಎಂದುಕೊಂಡು ನಡೆದೆ.

ಆ ರಸ್ತೆಯಲ್ಲಿ ಏಲಿಯಮ್ಮನ ಮನೆಗಿಂತ ಮೊದಲು ಸಿಗುವುದು ಕರುಣಾಕರಣ್ಣನ ಮನೆ. ಮಾಡಿನ ತುದಿಯಲ್ಲಿ ಅಂಗಡಿಯಿಂದ ತಂದ ಎಲ್‌ಇಡಿ ನಕ್ಷತ್ರ ತೂಗುತ್ತಿತ್ತು. ನನ್ನ ಕಣ್ಣಿಗೆ ಮಾತ್ರ ಅದೇ ಕೊಕ್ಕೆಯಲ್ಲಿ ಬೇರೆಯೇ ಒಂದು ಕಂಡಿತು. ಬಿದಿರ ಕಡ್ಡಿಯದ್ದು, ಕೆಂಪು ಕಾಗದದ್ದು, ಬಿಸಿಲಿಗೆ ಬಣ್ಣ ಹೋಗಿ ಬಿಳುಚಿಕೊಂಡದ್ದು. ಈ ಊರಿನಲ್ಲಿ ನಾವು ಹಲವು ವರ್ಷ ಇದ್ದೆವು. ಆದರೆ ನೆಲ್ಯಾಡಿ ಎಂದೊಡನೆ ನನಗೆ ನೆನಪಾಗುವುದು ಆ ಮೊದಲ ಕ್ರಿಸ್ಮಸ್ಸಿನಿಂದ ಈಸ್ಟರಿನವರೆಗಿನ ಕಾಲ.

ಆಗ ನಾವು ಬಂದು ಅರ್ಧ ವರ್ಷ ಆಗಿತ್ತಷ್ಟೆ. ಚಿಕ್ಕ ಸಭೆ. ಅರ್ಧ ಮನೆಗಳು ತಲೆಮಾರುಗಳ ಹಿಂದೆ ಮಂಗಳೂರು ಕಡೆಯಿಂದ ಬಂದ ತುಳುವರದ್ದು, ಇನ್ನರ್ಧ ರಬ್ಬರ್ ಹಾಕಲೆಂದು ಕೇರಳದಿಂದ ಬಂದವರದ್ದು. ಆರಾಧನೆ ಕನ್ನಡದಲ್ಲಿ. ಕನ್ನಡ ಎರಡೂ ಕಡೆಯವರಿಗೆ ಚರ್ಚಿನ ಭಾಷೆ. ಗೇಟಿನಿಂದ ಹೊರಗೆ ಬಿದ್ದ ಕೂಡಲೇ ಒಬ್ಬರು ತುಳುವಿಗೆ, ಇನ್ನೊಬ್ಬರು ಮಲಯಾಳಕ್ಕೆ ಹೋಗುತ್ತಿದ್ದರು. "ಒಂದೇ ಬಾವಿಗೆ ಎರಡು ರಾಟೆ" ಎಂದು ನಮ್ಮ ಯಜಮಾನರು ನಗುತ್ತಿದ್ದರು. ಇವರೂ ತುಳುವರೇ, ನಾನೂ.

ಇವರ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯಲ್ಲಿ ಇವರದ್ದು ಕೆಲವು ನಿಯಮಗಳಿದ್ದವು. ಊಟಕ್ಕೆ ಕುಳಿತಲ್ಲಿ ಸಭೆಯ ವಿಷಯ ಇಲ್ಲ. ಸೋಮವಾರ ಮನೆಯ ದಿನ. ಸಾವು, ಆಸ್ಪತ್ರೆ ಬಿಟ್ಟರೆ ಬೇರೆ ಯಾವುದಕ್ಕೂ ಅವತ್ತು ಹೊರಡುವುದಿಲ್ಲ. ತಲೆಯಲ್ಲಿ ಚಿಂತೆ ಇದ್ದರೆ ಬಾಯಿ ಬಿಟ್ಟು ಹೇಳುವವರಲ್ಲ, ಅಡುಗೆಮನೆಗೆ ಬಂದು ಮೆಟ್ಟುಕತ್ತಿಯ ಮೇಲೆ ಕೂತು ತರಕಾರಿ ಹೆಚ್ಚುವವರು. ಚಿಂತೆ ದೊಡ್ಡದಾದಷ್ಟು ತುಂಡು ಸಣ್ಣದು. ಆ ವರ್ಷದಷ್ಟು ಸಣ್ಣ ತುಂಡಿನ ಅಲಸಂಡೆ ಪಲ್ಯವನ್ನು ನಾವು ಮತ್ತೆ ಉಣ್ಣಲಿಲ್ಲ.

ಆದದ್ದು ಇಷ್ಟು. ಕ್ರಿಸ್ಮಸ್ಸಿನ ಮುಂಚಿನ ವಾರ ಸಭೆಯ ಯುವಕರು, ಮಕ್ಕಳು ಡ್ರಮ್ ಹಿಡಿದು ಮನೆಮನೆಗೆ ಹೋಗಿ ಕ್ಯಾರಲ್ ಹಾಡುವುದು ಪದ್ಧತಿ. ಹಾಡು, ಪುಟ್ಟ ಪ್ರಾರ್ಥನೆ, ಆ ಮನೆಯವರು ಕೊಡುವ ತಿಂಡಿ. ಒಂದು ಮನೆಯನ್ನೂ ಬಿಡಬಾರದು. ಆ ಸಲ ಎರಡು ತಂಡ ಮಾಡಿದ್ದರು. ಕರುಣಾಕರಣ್ಣನ ಮನೆಯ ರಸ್ತೆಗೆ ಹೋದ ತಂಡಕ್ಕೆ ತಂಗಚ್ಚನ್ ಮುಂದಾಳು, ಜೊತೆಗಿದ್ದ ಮಕ್ಕಳೆಲ್ಲ ಮಲಯಾಳಿ ಮನೆಯವರೇ. ಇವರೂ ಆ ತಂಡದ ಜೊತೆ ಚರ್ಚಿನಿಂದ ಹೊರಟರು. ಅದನ್ನು ಎಲ್ಲರೂ ನೋಡಿದ್ದರು. ಮೊದಲ ಮನೆ ಮುಗಿಯುವಷ್ಟರಲ್ಲಿ ಫೋನು ಬಂತು. ಸಭೆಯ ಒಬ್ಬ ಅಜ್ಜಿಗೆ ಉಸಿರಾಟದ ತೊಂದರೆ, ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು. ಇವರು ಅಲ್ಲಿಂದಲೇ ಒಬ್ಬರ ಬೈಕಿನಲ್ಲಿ ಹೋದರು. ಅದನ್ನು ಹೆಚ್ಚು ಜನ ನೋಡಿರಲಿಲ್ಲ.

ಕರುಣಾಕರಣ್ಣನ ಹೆಂಡತಿ ಸುಗುಣಕ್ಕ ಆ ವರ್ಷದ ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಪ್ರತಿ ವರ್ಷ ಬಿದಿರ ಕಡ್ಡಿ ಕಟ್ಟಿ ನಕ್ಷತ್ರ ಮಾಡುತ್ತಿದ್ದದ್ದು ಆಕೆ. ಕರುಣಾಕರಣ್ಣ ಹಳೆಯ ಕಡ್ಡಿಯ ಗೂಡನ್ನು ಅಟ್ಟದಿಂದ ಇಳಿಸಿ, ಹೊಸ ಕೆಂಪು ಕಾಗದ ತಂದು ತಾವೇ ಅಂಟಿಸಿ, ಒಳಗೆ ಬಲ್ಬು ಹಾಕಿ ತೂಗುಹಾಕಿದ್ದರು. ಆ ಸಂಜೆ ಬಿಳಿ ಅಂಗಿ ಹಾಕಿ, ತಟ್ಟೆಯಲ್ಲಿ ತಿಂಡಿ ಜೋಡಿಸಿ ಜಗಲಿಯಲ್ಲಿ ಕೂತಿದ್ದರು. ನಮ್ಮ ತುಳುವರಲ್ಲಿ ಸಾವಾದ ಮನೆಗೆ ಕ್ಯಾರಲ್ ಬಂದೇ ಬರಬೇಕು. ಒಂದು ಮೆಲ್ಲನೆಯ ಹಾಡು ಹಾಡಿ, ದುಃಖದವರ ಕೈ ಹಿಡಿದು ಹೋಗಬೇಕು. ಡ್ರಮ್ಮಿನ ಸದ್ದು ರಸ್ತೆಯಲ್ಲಿ ಹತ್ತಿರ ಬಂತು. ಕರುಣಾಕರಣ್ಣನ ಗೇಟಿನ ಹತ್ತಿರ ಬಂದದ್ದೇ ಸದ್ದು ನಿಂತಿತು. ಟಾರ್ಚುಗಳು ಆರಿದವು. ಅಷ್ಟೂ ಜನ ಪಿಸುಮಾತಿಲ್ಲದೆ ಗೇಟಿನ ಮುಂದಿನಿಂದ ದಾಟಿಹೋದರು. ಸ್ವಲ್ಪ ದೂರ ಹೋದ ಮೇಲೆ ಡ್ರಮ್ ಮತ್ತೆ ಶುರುವಾಯಿತು.

ಮರುದಿನದಿಂದ ಕರುಣಾಕರಣ್ಣ ಚರ್ಚಿಗೆ ಬರಲಿಲ್ಲ. ಕ್ರಿಸ್ಮಸ್ ಆರಾಧನೆಗಿಲ್ಲ, ಹೊಸ ವರ್ಷದ ದಿನ ಎಲ್ಲರೂ ಒಂದೇ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನಕ್ಕಿಲ್ಲ. ಅವರ ತಮ್ಮಂದಿರ ಮನೆಯವರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಎಲ್ಲರೂ ನಕ್ಷತ್ರ ಇಳಿಸಿ ಅಟ್ಟಕ್ಕೇರಿಸಿದ ಮೇಲೂ ಆ ಮನೆಯ ನಕ್ಷತ್ರ ಇಳಿಯಲಿಲ್ಲ. ಜನವರಿಯಲ್ಲಿ ರಬ್ಬರ್ ಎಲೆಗಳು ಕೆಂಪಾಗಿ ಉದುರಿ, ಗುಡ್ಡವಿಡೀ ಬೋಳಾಗಿ, ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಅದು ಇನ್ನಷ್ಟು ದೂರದಿಂದ ಕಾಣುವ ಹಾಗಾಯಿತು.

"ನಮ್ಮ ಕಣ್ಣಿಗೆ ಕುತ್ತಲಿಕ್ಕೆ ಇಟ್ಟದ್ದು ಅದು" ಎಂದರು ವಸಂತ ಮಾಸ್ಟ್ರು. ಅವರು ಕಮಿಟಿಯ ಕಾರ್ಯದರ್ಶಿ, ನಿವೃತ್ತ ಅಧ್ಯಾಪಕರು. ಒಳ್ಳೆಯ ಮನುಷ್ಯ, ಆದರೆ ಎಲ್ಲವೂ ಬೆಲ್ಲು ಹೊಡೆದ ಹಾಗೆ ಆಗಬೇಕು. ನಮ್ಮ ಜಗಲಿಯಲ್ಲಿ ಕೂತು, ಕೊಟ್ಟ ಚಾ ಆರುವ ತನಕ ಮುಟ್ಟದೆ ಹೇಳಿದರು, "ಅಯ್ಯನವರೇ, ಬರುವ ಭಾನುವಾರ ಪ್ರಸಂಗದಲ್ಲಿ ಸ್ವಲ್ಪ ಬಿಸಿ ಮುಟ್ಟಿಸಿ. ಕ್ಷಮೆಯ ವಾಕ್ಯ ಬೇಕಾದಷ್ಟು ಉಂಟಲ್ಲ."

"ಪ್ರಸಂಗದಲ್ಲಿ ನಾನೊಬ್ಬನೇ ಮಾತಾಡುದು ಮಾಸ್ಟ್ರೇ. ಎದುರು ಕೂತವರಿಗೆ ಉತ್ತರ ಕೊಡ್ಲಿಕ್ಕಾಗುದಿಲ್ಲ. ಕೈ ಕಟ್ಟಿ ಕೂತವರಿಗೆ ಹೊಡೆದ ಹಾಗೆ ಅದು."

"ಹಾಗಾದ್ರೆ ತಂಗಚ್ಚನನ್ನು ಎದುರು ನಿಲ್ಲಿಸಿ ಕ್ಷಮೆ ಕೇಳಿಸಿ. ಅಲ್ಲಿಗೆ ಮುಗೀತದೆ."

"ಗೌರವ ಕೊಟ್ಟದ್ದಕ್ಕೆ ಕ್ಷಮೆ ಕೇಳಿಸುದಾ?"

"ಎಂತ ಗೌರವ ಮಾರಾಯ್ರೆ? ಗೇಟು ದಾಟಿ ಹೋದದ್ದು ಗೌರವವಾ?"

"ಅದನ್ನು ತಂಗಚ್ಚನೇ ಹೇಳ್ಬೇಕು, ಕರುಣಾಕರಣ್ಣನೇ ಕೇಳ್ಬೇಕು. ನಾನು ಮಧ್ಯದಲ್ಲಿ ಹೇಳಿದ್ರೆ ವಕೀಲನ ಮಾತಾಗ್ತದೆ."

"ಮತ್ತೆ ನೀವು ಎಂತ ಮಾಡ್ತೀರಿ?"

"ಹೋಗಿ ಕೂತ್ಕೊಳ್ತೇನೆ" ಎಂದರು ಇವರು.

ಹಾಗೇ ಮಾಡಿದರು. ವಾರಕ್ಕೊಮ್ಮೆ ಕರುಣಾಕರಣ್ಣನ ಜಗಲಿಗೆ ಹೋಗುವುದು. "ತೋಟದಲ್ಲಿ ಕೆಲಸ ಉಂಟು" ಎಂದು ಕರುಣಾಕರಣ್ಣ ಹಿಂದಿನ ಬಾಗಿಲಿನಿಂದ ಹೋಗುವುದು. ಇವರು ಸ್ವಲ್ಪ ಹೊತ್ತು ಒಬ್ಬರೇ ಕೂತು, ಎದ್ದು ಬರುವುದು. ಅಲ್ಲಿಂದ ನೇರ ತಂಗಚ್ಚನ್ ಮನೆಗೆ. ಅಲ್ಲಿ ಮರಗೆಣಸು, ಬೆಲ್ಲದ ಕಪ್ಪು ಕಾಫಿ. ತಂಗಚ್ಚನ್ ದೊಡ್ಡ ಆಳು, ಮಾತು ಕಡಿಮೆ, ಹಣೆಯ ತುಂಬ ಬೆವರು. "ಅಚ್ಚೋ, ನನ್ನ ಮೇಲೆ ಅವರಿಗೆ ಸಿಟ್ಟು ಯಾಕೆ ಅಂತ ಗೊತ್ತಾಗ್ಲಿಲ್ಲ" ಎನ್ನುತ್ತಿದ್ದರಂತೆ. ಪಾದ್ರಿಗೆ ಅವರಲ್ಲಿ ಅಚ್ಚನ್ ಎನ್ನುವುದು. ಯಾರೂ ಅವರ ಮುಖಕ್ಕೆ ಹೇಳಿರಲಿಲ್ಲ. ತುಳು ಮನೆಗಳ ಸಿಟ್ಟು ತುಳುವಿನಲ್ಲೇ ಸುತ್ತುತ್ತಿತ್ತು.

ಹಾಗೆ ಸುತ್ತಿದ್ದು ಮೊದಲು ಬಂದು ಬಡಿದದ್ದು ನನಗೆ. ಮಹಿಳಾ ಕೂಟದ ದಿನ ಬೈಬಲ್ ಮಡಚಿ ಏಳುವಾಗ ಒಬ್ಬಾಕೆ ಹೇಳಿದರು, "ತಂಗಚ್ಚನ್ ಬಿಡಿ, ಅವರಿಗೆ ನಮ್ಮ ಕ್ರಮ ಗೊತ್ತಿಲ್ಲ. ಅಯ್ಯನವರು ನಮ್ಮವರೇ ಅಲ್ವಾ ಅಮ್ಮ? ಅವರು ಜೊತೆಯಲ್ಲಿದ್ದುಕೊಂಡು ಸತ್ತ ಮನೆ ದಾಟಿ ಹೋಗುದಾ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಮನೆಗೆ ಬಂದರೆ ಇವರು ಮೆಟ್ಟುಕತ್ತಿಯ ಮೇಲಿದ್ದರು.

"ನೀವು ಅಲ್ಲಿ ಇರ್ಲೇ ಇಲ್ಲ. ಪುತ್ತೂರಿನ ಆಸ್ಪತ್ರೆಯಲ್ಲಿದ್ರಿ. ಅಷ್ಟು ಹೇಳ್ಲಿಕ್ಕೆ ಎಂತ ಕಷ್ಟ ನಿಮಗೆ?"

"ಕಷ್ಟ ಇಲ್ಲ. ಭಾರೀ ಸುಲಭ. ನಾನು ಇರ್ಲಿಲ್ಲ ಅಂದ ಕೂಡ್ಲೇ ಪೂರ್ತಿ ಭಾರ ತಂಗಚ್ಚನ್ ತಲೆಗೆ ಹೋಗ್ತದೆ. ಈಗ ಅರ್ಧವಾದ್ರೂ ನನ್ನ ತಲೆ ಮೇಲೆ ಉಂಟು."

"ನಿಮ್ಮ ತಲೆ ಎಂತ ಚರ್ಚಿನ ಅಟ್ಟವಾ, ಕಂಡವರ ಸಾಮಾನೆಲ್ಲ ಇಡ್ಲಿಕ್ಕೆ?"

ಇವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನ ಉಪ್ಪು, ಚಾ, ಬಾಗಿಲು ಇಷ್ಟೇ ನಮ್ಮ ಮಾತು. ಮೂರನೆಯ ದಿನ ಇವರೇ ಬಟ್ಟೆ ಒಣಗಿಸಲು ಹಿತ್ತಲಿಗೆ ಬಂದು, ಬಕೆಟಿನ ಆಚೆ ಕಡೆ ಹಿಡಿದು ಹೇಳಿದರು, "ನಿನಗೆ ಬೇಜಾರಾಗುದು ನಂಗೆ ಗೊತ್ತುಂಟು. ನನ್ನ ಮರ್ಯಾದೆಗಿಂತ ನಿನ್ನದ್ದೇ ಹೆಚ್ಚು ಹೋಗುದು ಇದರಲ್ಲಿ. ಆದ್ರೆ ಒಂದು ನೋಡು. ಆ ಮನುಷ್ಯ ನಕ್ಷತ್ರ ಇಳಿಸ್ಲಿಲ್ಲ. ಎಲ್ಲರೂ ಅದನ್ನು ಸಿಟ್ಟು ಅಂತಾರೆ. ಸಿಟ್ಟಾದ್ರೆ ಅವತ್ತೇ ಕಿತ್ತು ಒಲೆಗೆ ಹಾಕ್ತಿದ್ರು. ಅವರು ಇನ್ನೂ ಕಾಯ್ತಿದ್ದಾರೆ."

ನಾನು ಮತ್ತೆ ವಾದ ಮಾಡಲಿಲ್ಲ. ಆ ದಿನದಿಂದ ಆ ನಕ್ಷತ್ರ ಕಂಡಾಗಲೆಲ್ಲ ನನಗೂ ಅದು ಬೇರೆ ಥರ ಕಾಣಿಸತೊಡಗಿತು.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ವಸಂತ ಮಾಸ್ಟ್ರು ಓಡಿಕೊಂಡೇ ಬಂದರು. ಕರುಣಾಕರಣ್ಣ ಹೇಳಿ ಕಳುಹಿಸಿದ್ದರು, ಸಂಜೆ ಅಯ್ಯನವರು ಬರಲಿ, ಒಂದು ತೀರ್ಮಾನ ಹೇಳಲಿಕ್ಕುಂಟು ಎಂದು. ತೀರ್ಮಾನ ಏನೆಂದು ಮಾಸ್ಟ್ರಿಗೆ ಮೊದಲೇ ಗೊತ್ತಿತ್ತು. ತಮ್ಮಂದಿರ ಮನೆಗಳನ್ನೂ ಕರೆದುಕೊಂಡು ಪುತ್ತೂರಿನ ಸಭೆಗೆ ಸೇರುವುದು. "ಅಷ್ಟು ಮನೆ ಹೋದ್ರೆ ಮತ್ತೆ ಇಲ್ಲಿ ಪಾದ್ರಿಯನ್ನು ಇಡುದಿಲ್ಲ ಅಯ್ಯನವರೇ. ಚರ್ಚಿಗೆ ಬೀಗ. ತಿಂಗಳಿಗೊಮ್ಮೆ ಯಾರಾದ್ರೂ ಬಂದು ಹೋಗುದು."

ಅದೇ ಸಂಜೆ ನಮ್ಮ ಮಗಳು ಕೃಪಾಳ ಶಾಲೆಯ ವಾರ್ಷಿಕೋತ್ಸವ. ನಾಟಕದಲ್ಲಿ ಅವಳಿಗೊಂದು ಪಾತ್ರ. ಮರ. ಮಾತಿಲ್ಲ, ಹಾಡಿಲ್ಲ, ರಟ್ಟಿನ ಎಲೆ ಕಟ್ಟಿಕೊಂಡು ಮೊದಲಿಂದ ಕೊನೆಯವರೆಗೆ ನಿಲ್ಲಬೇಕು. ಅಪ್ಪ ಬಂದೇ ಬರುತ್ತಾರೆ ಎಂದು ವಾರದಿಂದ ಹೇಳುತ್ತಿದ್ದಳು.

"ನಾಳೆ ಬೆಳಿಗ್ಗೆ ಬರ್ತೇನೆ ಅಂತ ಹೇಳಿ" ಎಂದರು ಇವರು.

ಮಾಸ್ಟ್ರ ಮುಖ ನೋಡಬೇಕಿತ್ತು. "ನಾಳೆಯಾ? ಎರಡು ತಿಂಗಳು ಬಾಗಿಲು ತೆಗೆಯದವರು ಇವತ್ತು ಕರೆದಿದ್ದಾರೆ. ಮಗು ಮರ ಆಗುದನ್ನು ಅಮ್ಮ ನೋಡಿದ್ರೆ ಸಾಲದಾ?"

"ಸೋಮವಾರ ಮಾಸ್ಟ್ರೇ. ಮಗಳಿಗೆ ಮಾತು ಕೊಟ್ಟದ್ದು ಮೊದಲು. ಹಾಗೇ ಹೇಳಿ ಅವರಿಗೆ, ಕಾರಣ ಅಡಗಿಸ್ಬೇಡಿ."

ನನಗೂ ಭಯವಾಯಿತು. ಹೋಗಿ ಎಂದು ಹೇಳಲು ಬಾಯಿ ತೆರೆದೆ, ಆದರೆ ಕೃಪಾ ಬಾಗಿಲ ಹತ್ತಿರ ನಿಂತಿದ್ದಳು. ಸಂಜೆ ಇವರು ಮುಂದಿನ ಸಾಲಿನಲ್ಲಿ ಕೂತು, ಅಲುಗಾಡದ ಮರವನ್ನು ಕೊನೆಯ ತನಕ ನೋಡಿದರು. ವೇದಿಕೆಯ ಮೇಲಿದ್ದ ಮರ ಇವರನ್ನು ಕಂಡು ಒಮ್ಮೆ ಮಾತ್ರ ನಕ್ಕಿತು.

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಕರುಣಾಕರಣ್ಣ ಜಗಲಿಯಲ್ಲೇ ಇದ್ದರು. ಒಣಕಲು ದೇಹ, ಅರ್ಧ ನರೆತ ಮೀಸೆ. ಕೂತುಕೊಳ್ಳಿ ಎನ್ನುವ ಮೊದಲೇ ಕೇಳಿದರು, "ಮಗಳು ಎಂತ ಪಾರ್ಟು ಮಾಡಿದ್ದು?"

"ಮರ."

"ಮರವಾ?"

"ಹೌದು. ಒಳ್ಳೆ ಮರ. ಅಲುಗಾಡ್ಲೇ ಇಲ್ಲ."

ಮೀಸೆಯ ಅಡಿಯಲ್ಲಿ ಏನೋ ಸಡಿಲವಾಯಿತು. "ನೀವು ನಿನ್ನೆ ಬಂದಿದ್ರೆ ನಾನು ಹೇಳುದನ್ನು ಹೇಳಿ ಒಳಗೆ ಹೋಗ್ತಿದ್ದೆ" ಎಂದರು. "ಮಗಳ ಹತ್ರ ಹೋದ್ರು ಅಂತ ಮಾಸ್ಟ್ರು ದೂರು ಹೇಳಿದ್ರು. ರಾತ್ರಿ ಯೋಚಿಸಿದೆ. ಸುಗುಣ ಇದ್ದಿದ್ರೆ, ಸರಿ ಮಾಡಿದ್ರು ಅಂತಲೇ ಹೇಳ್ತಿದ್ಳು. ಅವಳು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದವಳಲ್ವಾ."

ಆದರೂ ತೀರ್ಮಾನ ಬದಲಾಗಲಿಲ್ಲ. ಈಸ್ಟರ್ ಮುಗಿದ ಮೇಲೆ ಪುತ್ತೂರಿಗೆ. "ಅವಳನ್ನು ಇಲ್ಲಿ ಮಣ್ಣಿನಲ್ಲಿ ಬಿಟ್ಟು ಹೋಗ್ಬೇಕಲ್ಲ, ಅದೊಂದೇ ನಂಗೆ ಆಗದ್ದು. ಆದ್ರೆ ನನ್ನ ಬಾಗಿಲಿಗೆ ಬಂದು ದೀಪ ಆರಿಸಿ ಹೋದವರ ಜೊತೆ ಒಂದೇ ರೊಟ್ಟಿ ಮುರೀಲಿಕ್ಕೆ ನನ್ನಿಂದ ಆಗುದಿಲ್ಲ ಅಯ್ಯನವರೇ. ನೀವೂ ಇದ್ರಿ ಅದರಲ್ಲಿ."

ನಾನು ಇವರ ಮುಖ ನೋಡಿದೆ. ಇವರು ತಲೆಯಾಡಿಸಿದರು, ಇಲ್ಲ ಎಂದಲ್ಲ, ಕೇಳಿಸಿಕೊಂಡೆ ಎಂಬ ಹಾಗೆ. "ಹೋಗುದಾದ್ರೆ ನಾನೇ ಪುತ್ತೂರಿನ ತನಕ ಬಂದು ಒಪ್ಪಿಸಿ ಬರ್ತೇನೆ ಕರುಣಾಕರಣ್ಣ, ಮುನಿಸಿಕೊಂಡು ಹೋಗುದು ಬೇಡ. ಒಂದು ಮಾತ್ರ. ಈಸ್ಟರ್‌ಗೆ ಮೊದಲು ಸಮಾಧಿ ಶುಚಿ ಮಾಡುವ ದಿನ ಬರ್ಬೇಕು."

"ಅದಕ್ಕೆ ಬಾರದೆ ಇರ್ತೇನಾ? ನನ್ನ ಹೆಂಡತಿ ಅಲ್ಲಿದ್ದಾಳೆ."

ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲು ಸ್ಮಶಾನದಲ್ಲೇ ನಮ್ಮ ಆರಾಧನೆ. ಅದಕ್ಕಾಗಿ ಒಂದು ಶನಿವಾರ ಎಲ್ಲ ಮನೆಯವರು ಬಂದು ತಮ್ಮವರ ಸಮಾಧಿಯ ಹುಲ್ಲು ತೆಗೆದು, ಸುಣ್ಣ ಹಚ್ಚುತ್ತಾರೆ. ಆ ಸಲ ಇವರು ಮಾಡಿದ ಹೊಸ ಏರ್ಪಾಡು ಒಂದೇ. ನಡುವಿನ ಕಾಡು ಹುಲ್ಲನ್ನು ಮೆಷಿನ್ ಹಾಕಿ ಕತ್ತರಿಸಲು ತಂಗಚ್ಚನಿಗೆ ಹೇಳಿದರು. ಹೊಸ ಚಿಗುರಿನ ಸಮಯ, ರಬ್ಬರ್ ಹಾಲು ತೆಗೆಯಲು ರಜೆ. ಅವರು ಖುಷಿಯಲ್ಲೇ ಬಂದರು.

ಮಾರ್ಚಿನ ಬಿಸಿಲು. ನಾನು ಚಾ, ಅವಲಕ್ಕಿ ತೆಗೆದುಕೊಂಡು ಹೋದಾಗ ಹೆಚ್ಚಿನವರು ಕೆಲಸ ಮುಗಿಸಿ ಗೋಡೆಯ ಬದಿಯ ನೆರಳಿನಲ್ಲಿ ಕೂತಿದ್ದರು. ಕರುಣಾಕರಣ್ಣ ಒಬ್ಬರೇ ಸುಗುಣಕ್ಕನ ಸಮಾಧಿಯ ಹತ್ತಿರ ಕೂತು ಸುಣ್ಣ ಕಲಸುತ್ತಿದ್ದರು. ತಂಗಚ್ಚನ್ ಹುಲ್ಲು ಕತ್ತರಿಸುತ್ತಾ ಸಾಲು ಹಿಡಿದು ಬಂದರು. ಸುಗುಣಕ್ಕನ ಸಮಾಧಿ ಹತ್ತಿರವಾದದ್ದೇ ಮೆಷಿನ್ ಬಂದ್ ಮಾಡಿದರು. ಟೊಪ್ಪಿ ತೆಗೆದು ಕಂಕುಳಿಗೆ ಇಟ್ಟುಕೊಂಡು, ಆ ಭಾರದ ಮೆಷಿನನ್ನು ಹೆಗಲಲ್ಲಿ ಹೊತ್ತು ಸದ್ದಿಲ್ಲದೆ ದಾಟಲು ಹೊರಟರು.

"ಎಂತ, ಇಲ್ಲಿಯೂ ಬಂದ್ ಮಾಡಿದ್ರಾ?" ಎಂದರು ಕರುಣಾಕರಣ್ಣ. ತಲೆ ಎತ್ತಲಿಲ್ಲ.

ತಂಗಚ್ಚನ್ ನಿಂತರು. "ಇಲ್ಲಿ ಸೌಂಡ್ ಮಾಡುದು ಹೇಗೆ?"

"ಅವತ್ತು ನನ್ನ ಮನೆ ಎದುರು ಬಂದ್ ಮಾಡಿದ ಹಾಗೆಯಾ?"

"ಹಾಗೇ." ತಂಗಚ್ಚನ್ ಮೆಷಿನನ್ನು ಕೆಳಗಿಟ್ಟರು. ಮಾತಿಗೆ ತಡಕಾಡಿ, ಆಮೇಲೆ ಒಂದೇ ಸಲಕ್ಕೆ ಹೇಳಿದರು, "ನನ್ನ ಅಪ್ಪ ಸತ್ತ ವರ್ಷ ಕ್ಯಾರಲಿನವರು ನಮ್ಮ ಮನೆಯ ಎದುರು ಡ್ರಮ್ ಹೊಡ್ಕೊಂಡು ಹೋದ್ರು. ಅಮ್ಮ ಒಳಗೆ ಕಿವಿ ಮುಚ್ಚಿ ಕೂತು ಅತ್ತಳು. ನಮ್ಮಲ್ಲಿ ಸತ್ತ ಮನೆಯಲ್ಲಿ ಆ ವರ್ಷ ಸ್ಟಾರ್ ಇಲ್ಲ, ಪಾಟ್ಟು, ಹಾಡು, ಏನೂ ಇಲ್ಲ. ಸುಗುಣ ಚೇಚಿ ನನ್ನ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿದವಳು. ಅವಳ ಮನೆ ಎದುರು ನಾನು ಡ್ರಮ್ ಹೊಡೆಸುದಾ? ಮಕ್ಕಳಿಗೆ ಚಪ್ಪಲಿ ಸಹ ಕೈಯಲ್ಲಿ ಹಿಡ್ಕೊಳ್ಳಿ ಅಂದೆ."

ಕರುಣಾಕರಣ್ಣನ ಕೈಯ ಕೋಲು ಸುಣ್ಣದಲ್ಲಿ ಹಾಗೇ ನಿಂತಿತ್ತು.

"ನಮ್ಮಲ್ಲಿ ಸತ್ತ ಮನೆಗೆ ಬಂದೇ ಹೋಗುದು" ಎಂದರು ಕೊನೆಗೆ. "ನಾನು ಸ್ಟಾರ್ ಹಾಕಿದ್ದು ಕಾಣ್ಲಿಲ್ವಾ ನಿಮಗೆ?"

"ಕಂಡಿತು. ಮಕ್ಕಳು ಯಾರಾದ್ರೂ ಹಾಕಿರ್ಬೇಕು ಅಂತ ಎಣಿಸಿದೆ."

"ಗೇಟು ತೆಗೆದು ಒಂದು ಮಾತು ಕೇಳ್ಬಹುದಿತ್ತಲ್ಲ ಮಾರಾಯ್ರೆ."

"ಕೇಳ್ಬಹುದಿತ್ತು" ಎಂದರು ತಂಗಚ್ಚನ್.

ಕರುಣಾಕರಣ್ಣ ಈಗ ಇವರ ಕಡೆಗೆ ತಿರುಗಿದರು. "ಅವರಿಗೆ ಗೊತ್ತಿರ್ಲಿಲ್ಲ. ನೀವು ತುಳುವರಲ್ವಾ ಅಯ್ಯನವರೇ, ಜೊತೆಯಲ್ಲಿದ್ದು ನೀವಾದ್ರೂ..."

"ಅಚ್ಚನಾ?" ಎಂದರು ತಂಗಚ್ಚನ್ ಆಶ್ಚರ್ಯದಿಂದ. "ಅಚ್ಚನ್ ಎಲ್ಲಿದ್ರು? ಮೊದಲ ಮನೆಯಿಂದಲೇ ಪುತ್ತೂರು ಆಸ್ಪತ್ರೆಗೆ ಹೋದದ್ದಲ್ವಾ, ಆ ಅಮ್ಮಚ್ಚಿಗೆ ಸೀರಿಯಸ್ ಅಂತ."

ಮಹಿಳಾ ಕೂಟದಲ್ಲಿ ನನಗೆ ಮಾತು ಹೇಳಿದಾಕೆ ಕೈಯ ಚಾದ ಲೋಟವನ್ನೇ ನೋಡತೊಡಗಿದರು. ನಾನೂ ಬೇರೆ ಕಡೆ ನೋಡಿದೆ. ಅಷ್ಟು ದಿನ ನಾಲಿಗೆ ಕಚ್ಚಿ ಹಿಡಿದದ್ದು ಸಾರ್ಥಕವಾಯಿತು ಎಂದು ಒಳಗೇ ದೇವರಿಗೆ ಹೇಳಿದೆ.

"ಮತ್ತೆ ಮೂರು ತಿಂಗಳು ಯಾಕೆ ಹೇಳ್ಲಿಲ್ಲ?" ಕರುಣಾಕರಣ್ಣನ ಸ್ವರ ಒಡೆಯಿತು. "ನನ್ನ ಜಗಲಿಯಲ್ಲಿ ಕೂತು ಬೈಸಿಕೊಂಡ್ರಿ."

"ನಿಮ್ಮ ಬಾಗಿಲಿಗೆ ಸಭೆ ಬರ್ಬೇಕಿತ್ತು, ಬರ್ಲಿಲ್ಲ" ಎಂದರು ಇವರು. "ನಾನು ಸಭೆಯ ಅಯ್ಯ. ಎಲ್ಲಿದ್ರೂ ನಾನೇ ಬರ್ಲಿಲ್ಲ ಅಂತ ಲೆಕ್ಕ."

ಕರುಣಾಕರಣ್ಣ ಸುಣ್ಣದ ಕೈಯನ್ನು ಲುಂಗಿಗೆ ಒರೆಸಿಕೊಂಡು ಎದ್ದರು. ಸಮಾಧಿಯನ್ನೊಮ್ಮೆ ನೋಡಿದರು. "ನಕ್ಷತ್ರ ಇನ್ನೂ ಅಲ್ಲೇ ಉಂಟು" ಎಂದರು, ಯಾರಿಗೆ ಎಂದಿಲ್ಲದೆ.

ವಸಂತ ಮಾಸ್ಟ್ರಿಗೆ ಕೂಡಲೇ ಅರ್ಥವಾಯಿತು, ಕೂಡಲೇ ಗಾಬರಿಯೂ ಆಯಿತು. "ಯೇಸುವಿನ ಶ್ರಮೆಯ ಕಾಲ ಅಯ್ಯನವರೇ. ಶುಭ ಶುಕ್ರವಾರ ಹತ್ತಿರ ಬಂತು. ಈಗ ಕ್ರಿಸ್ಮಸ್ ಹಾಡು ಹಾಡುದಾ? ಕ್ರಮ ಎಂಬುದೊಂದು ಇಲ್ವಾ?"

"ತಡವಾಗಿ ಬಂದವರು ಕ್ಯಾಲೆಂಡರ್ ನೋಡುದಕ್ಕಾಗುದಿಲ್ಲ ಮಾಸ್ಟ್ರೇ. ನಿಮ್ಮದ್ದು ಒಳ್ಳೆ ಸ್ವರ, ನೀವೂ ಬನ್ನಿ."

ಹಾಗೆ ಆ ಶನಿವಾರ ಉರಿಬಿಸಿಲಿನ ಮಧ್ಯಾಹ್ನ, ಮೈಕೈಗೆಲ್ಲ ಸುಣ್ಣ ಮೆತ್ತಿಕೊಂಡವರು, ಕತ್ತಿ ಹಾರೆ ಹಿಡಿದವರು, ಎಲ್ಲರೂ ಕರುಣಾಕರಣ್ಣನ ಅಂಗಳದಲ್ಲಿ ನಿಂತು ಕ್ರಿಸ್ಮಸ್ ಹಾಡು ಹಾಡಿದೆವು. ಡ್ರಮ್ ಇರಲಿಲ್ಲ. ಕರುಣಾಕರಣ್ಣ ಒಳಗೆ ಹೋಗಿ ಸ್ವಿಚ್ ಹಾಕಿದರು. ಆ ಬಿಸಿಲಿನಲ್ಲಿ ಬಲ್ಬು ಹತ್ತಿದ್ದು ಯಾರಿಗೂ ಕಾಣಲಿಲ್ಲ. ಕಾಗದ ಬಿಳಿಯಾಗಿತ್ತು, ಎರಡು ಮೂಲೆ ಹರಿದಿತ್ತು, ಒಳಗಿನ ಬಿದಿರ ಕಡ್ಡಿ ಕಾಣುತ್ತಿತ್ತು. ಮೆಲ್ಲನೆಯ ಹಾಡಿಗೆ ತಂಗಚ್ಚನ್ ತುಟಿ ಅಲುಗಿಸಿದರು, ಸ್ವರ ಬರಲಿಲ್ಲ. ಮಾಸ್ಟ್ರು ಎಲ್ಲರಿಗಿಂತ ದೊಡ್ಡದಾಗಿ ಹಾಡಿದರು.

ತಿಂಡಿ ಕೊಡಬೇಕಲ್ಲ. ಕರುಣಾಕರಣ್ಣ ಒಂದು ಪೊಟ್ಟಣ ತಂದರು. "ಬೇಕರಿಯ ಬಿಸ್ಕೆಟು. ಸುಗುಣನ ಕೈಯದ್ದಲ್ಲ, ಕ್ಷಮಿಸ್ಬೇಕು" ಎಂದರು. ಅಷ್ಟರಲ್ಲಿ ಏಲಿಯಮ್ಮ ತಮ್ಮ ಮನೆಯಿಂದ ಡಬ್ಬಿ ತಂದಾಗಿತ್ತು. ಹೂವಿನ ಅಚ್ಚಿನಲ್ಲಿ ಕರಿದ ಗರಿಗರಿ ತಿಂಡಿ. ಅವರು ಅದಕ್ಕೆ ಅಚ್ಚಪ್ಪ ಎನ್ನುತ್ತಾರೆ, ನಾವು ರೋಸ್ ಕುಕ್ಕೀಸ್. ಕರುಣಾಕರಣ್ಣ ಒಂದು ಮುರಿದು ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಅಗಿದರು. "ಎಳ್ಳು ಜಾಸ್ತಿ ಹಾಕಿದ್ದೀರಿ ಏಲಿಯಮ್ಮ. ಅವಳೂ ಹೀಗೇ ಹಾಕುದು."

ಸಂಜೆ ನಾವು ಹಿಂದಿರುಗುವಾಗ ಅವರು ಸ್ಟೂಲು ಹತ್ತಿ ನಕ್ಷತ್ರ ಇಳಿಸುತ್ತಿದ್ದರು. ತಂಗಚ್ಚನ್ ಸ್ಟೂಲು ಹಿಡಿದುಕೊಂಡಿದ್ದರು. ಪುತ್ತೂರಿನ ಮಾತು ಮತ್ತೆ ಬರಲಿಲ್ಲ. ಈಸ್ಟರ್ ಬೆಳಗಿನ ಜಾವ ಸ್ಮಶಾನದಲ್ಲಿ ಕರುಣಾಕರಣ್ಣ ಮೊದಲೇ ಬಂದು ಮೇಣದ ಬತ್ತಿ ಹಚ್ಚುತ್ತಿದ್ದರು, ಸುಗುಣಕ್ಕನಿಗೊಂದು, ತಂಗಚ್ಚನ್ ಅಪ್ಪನಿಗೊಂದು.

ಆಮೇಲಿನ ಕಮಿಟಿಯಲ್ಲಿ ಇವರು ಒಂದೇ ಒಂದು ಕ್ರಮ ಇಟ್ಟರು. ಕ್ಯಾರಲ್ ಹೊರಡುವ ಮೊದಲು ಸಾವಾದ ಮನೆಗೆ ಒಬ್ಬರು ಹೋಗಿ ಕೇಳಬೇಕು, ಬರುವುದೋ ಬೇಡವೋ ಎಂದು. ಕೇಳಲು ಹೋಗುವವರು ಆ ಮನೆಯ ಕಡೆಯವರಾಗಬಾರದು. ತುಳು ಮನೆಗೆ ಮಲಯಾಳಿ, ಮಲಯಾಳಿ ಮನೆಗೆ ತುಳುವ. "ಗೊತ್ತಿದ್ದವರು ಕೇಳುದಿಲ್ಲ. ಗೊತ್ತಿಲ್ಲದವರೇ ಹೋಗ್ಲಿ" ಎಂದರು. ಮಾಸ್ಟ್ರಿಗೆ ಕ್ರಮ ಎಂದರೆ ಇಷ್ಟ, ಎರಡು ಕೈ ಎತ್ತಿ ಒಪ್ಪಿದರು.

ಇಷ್ಟೆಲ್ಲ ನೆನಪಾದದ್ದು ಆ ಮಣ್ಣಿನ ರಸ್ತೆಯಲ್ಲಿ. ಏಲಿಯಮ್ಮನ ಮನೆಯ ಮಾಡಿನಲ್ಲಿ ನಕ್ಷತ್ರ ಇರಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರೂ ಕಾಫಿ ಕುಡಿಯುತ್ತಾ ಕೂತಿದ್ದಾಗ ಗೇಟಿನ ಸದ್ದಾಯಿತು. ಕೋಲೂರಿಕೊಂಡು ಕರುಣಾಕರಣ್ಣ ಬಂದರು. ಬೆನ್ನು ಬಾಗಿದೆ, ಮೀಸೆ ಈಗ ಪೂರ್ತಿ ಬಿಳಿ. ನನ್ನನ್ನು ಕಂಡು "ಓ ಅಮ್ಮ, ನಿಮ್ಮ ಮರ ಹೇಗುಂಟು?" ಎಂದರು. ಕಾಲೇಜಿಗೆ ಹೋಗುತ್ತಿದ್ದಾಳೆ, ಈಗ ಒಂದು ಕಡೆ ನಿಲ್ಲುವುದೇ ಇಲ್ಲ ಎಂದೆ.

ಅವರು ನಕ್ಕು, ಕೂತುಕೊಂಡರು. ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟು, ಏಲಿಯಮ್ಮನ ಕಡೆ ತಿರುಗಿದರು.

"ನಾಳೆ ಮಕ್ಕಳು ಈ ಬದಿ ಬರುದು. ಕೇಳ್ಲಿಕ್ಕೆ ನನ್ನನ್ನು ಕಳಿಸಿದ್ದಾರೆ. ಬರುದಾ ಏಲಿಯಮ್ಮ, ಬಾರದೆ ಇರುದಾ?"

ಏಲಿಯಮ್ಮ ಬಹಳ ಹೊತ್ತು ಲೋಟ ತಿರುಗಿಸಿದರು. "ಬರ್ಲಿ. ಪಾಡುದು ಬೇಡ. ಒಮ್ಮೆ ಅಂಗಳದಲ್ಲಿ ನಿಂತು ಹೋಗ್ಲಿ."

"ಆಯ್ತು."

"ಸ್ಟಾರ್ ಹಾಕ್ಲಿಲ್ಲ ನಾನು."

"ಆಯ್ತು" ಎಂದರು ಮತ್ತೆ. ಅದೇ ಸ್ವರದಲ್ಲಿ.

ಮರುದಿನ ಮುಸ್ಸಂಜೆ ಮಕ್ಕಳು ಬಂದರು. ಡ್ರಮ್ಮಿನ ಹುಡುಗಿ ಕೋಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಗೇಟು ತೆಗೆದು, ಅಂಗಳಕ್ಕೆ ಬಂದು, ಅರ್ಧ ಚಂದ್ರದ ಹಾಗೆ ನಿಂತರು. ಅವರ ಹಿಂದೆ ಕರುಣಾಕರಣ್ಣ, ಟೊಪ್ಪಿಯನ್ನು ಕೈಯಲ್ಲಿ ಹಿಡಿದು. ಯಾರೂ ಮಾತಾಡಲಿಲ್ಲ. ಹೊಗೆಗೂಡಿನ ವಾಸನೆ ಮಾತ್ರ ಗಾಳಿಯಲ್ಲಿತ್ತು. ಬಾಗಿಲಲ್ಲಿ ನಿಂತ ಏಲಿಯಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಕಣ್ಣು ಒರೆಸಿಕೊಂಡು, "ಸಾಕು ಮಕ್ಕಳೇ, ಬನ್ನಿ, ಕಾಫಿ ಆರ್ತದೆ" ಎಂದರು. ಅಚ್ಚಪ್ಪದ ಡಬ್ಬಿ ಒಳಗೆ ತುಂಬಿಯೇ ಇತ್ತು. ಅವರು ಬೆಳಿಗ್ಗೆಯಿಂದ ಕರಿದದ್ದನ್ನು ನಾನು ನೋಡಿದ್ದೆ.

ಎಲ್ಲ ಹೋದ ಮೇಲೆ ಇವರಿಗೆ ಫೋನ್ ಮಾಡಿದೆ.

"ಮಕ್ಕಳು ಬಂದ್ರಾ?"

"ಬಂದ್ರು."

"ಮೊದಲು ಕೇಳಿದ್ರಾ?"

"ಕೇಳಿದ್ರು. ಕರುಣಾಕರಣ್ಣ ಬಂದಿದ್ರು."

ಆಚೆ ಕಡೆಯಿಂದ ಮೆಟ್ಟುಕತ್ತಿಯನ್ನು ಮಡಚಿ ಬದಿಗಿಟ್ಟ ಸದ್ದು ಕೇಳಿತು.

"ನಾಳೆ ಪಲ್ಯಕ್ಕೆ ದೊಡ್ಡ ತುಂಡೇ ಹೆಚ್ಚಿದ್ದೇನೆ" ಎಂದರು.